ಗಾಳಿಯಲ್ಲೇ ಕವಲೊಡೆದ ಜಾಡುಗಳು: ಭಾರದ ನ್ಯೂಟ್ರಿನೊ ಹುಡುಕಾಟ ಎಲ್ಲಿಗೆ ಬಂತು?

ಊರ್ಗಾಂ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಐಟಿಐ ಓದಿದವನು, ಈಗ ಹೊಸಕೋಟೆ ಕಡೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಚಿಕ್ಕಂದಿನಲ್ಲಿ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಕೆಳಗಡೆ ಬಾಂಬೆಯವರದ್ದೊಂದು ಲ್ಯಾಬ್ ಇತ್ತು ಕಣೋ. ನಾವು ಬಂಡೆ ಒಳಗಿರೋದನ್ನ ಹುಡುಕ್ತಿದ್ವಿ, ಅವರು ಬಂಡೆ ದಾಟಿ ಬರೋದನ್ನ ಕಾಯ್ತಾ ಕೂತಿರ್ತಿದ್ರು."

ಮೊನ್ನೆ ಆ ಲ್ಯಾಬ್ ಬಗ್ಗೆ ಓದುವಾಗ ಒಂದು ವಿಷಯ ಗೊತ್ತಾಯಿತು. 1975ರಲ್ಲಿ ಅಲ್ಲಿ ಯಾವುದೋ ಹೊಸ ಕಣದ ಸುಳಿವು ಸಿಕ್ಕಿತ್ತಂತೆ. ಸುರಂಗದ ಗಾಳಿಯಲ್ಲೇ ಹುಟ್ಟಿದ ಹಾಗೆ ಕಾಣುವ ಎರಡು ಮೂರು ಗೆರೆಗಳು. ಅದು ಆಮೇಲೆ ಏನಾಯಿತು? ಅಂಥ ಕಣವನ್ನು ಈಗ ಜಿನೀವಾದ ದೊಡ್ಡ ಯಂತ್ರದಲ್ಲಿ ಹುಡುಕುತ್ತಿದ್ದಾರಾ? ತಿಳಿದವರು ನನ್ನಂಥವನಿಗೂ ಅರ್ಥವಾಗುವ ಹಾಗೆ ಹೇಳಿ.

ಹಳೇ ಮೇಷ್ಟ್ರು, ತುಮಕೂರು:

ನಿಮ್ಮ ತಂದೆಯವರ ಮಾತು ಓದಿ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಪಾಠ ಹೇಳಿದ ನಾನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಮೊದಲು ಆ ಕೋಣೆಯ ಕಥೆ. 1965ರಲ್ಲಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್ ಬಳಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ವಿದ್ಯುದಂಶವಿಲ್ಲದ, ಯಾವುದಕ್ಕೂ ಸುಲಭವಾಗಿ ತಾಗದ ಪುಟ್ಟ ಕಣಗಳನ್ನು, ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡ್ ರೈನ್ಸ್ ತಂಡವೂ ಹಿಡಿಯಿತು. ಜಗತ್ತಿನಲ್ಲಿ ಮೊದಲ ಸಲ ಅದು ಸಾಧ್ಯವಾದದ್ದು ಈ ಎರಡು ಚಿನ್ನದ ಗಣಿಗಳಲ್ಲಿ. ಅಷ್ಟು ಆಳಕ್ಕೆ ಇಳಿಯುವುದು ಯಾಕೆ ಅಂದರೆ, ಮೇಲಿಂದ ಸುರಿಯುವ ಬೇರೆಲ್ಲ ಕಣಗಳನ್ನೂ ಬಂಡೆ ಸೋಸಿಬಿಡುತ್ತದೆ. ನ್ಯೂಟ್ರಿನೊ ಮಾತ್ರ ದಾಟಿ ಬರುತ್ತದೆ.

1975ರದ್ದು ಅದೇ ಗಣಿಯ ಮುಂದಿನ ಅಧ್ಯಾಯ. ಕೃಷ್ಣಸ್ವಾಮಿ, ಎಂ.ಜಿ.ಕೆ. ಮೆನನ್, ನರಸಿಂಹಂ ಮೊದಲಾದವರ ತಂಡ ಬೆರಳೆಣಿಕೆಯ ಕೆಲವು ವಿಚಿತ್ರ ಘಟನೆಗಳನ್ನು ಪ್ರಕಟಿಸಿತು. ನ್ಯೂಟ್ರಿನೊ ಬಂಡೆಗೆ ತಾಗಿದರೆ ಜಾಡುಗಳು ಬಂಡೆಯಿಂದ ಹೊರಡಬೇಕು. ಇವುಗಳನ್ನು ಹಿಂದಕ್ಕೆ ಎಳೆದು ನೋಡಿದರೆ ಅವು ಕೂಡುವ ಜಾಗ ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ ಬೀಳುತ್ತಿತ್ತು. ಗಾಳಿಯಲ್ಲಿ ಡಿಕ್ಕಿ ಹೊಡೆಯಲು ವಸ್ತುವೇ ಸಾಲದು. ಹಾಗಾಗಿ ಅವರ ವಿವರಣೆ ಹೀಗಿತ್ತು: ಬಂಡೆಯಲ್ಲಿ ಭಾರದ ಹೊಸ ಕಣವೊಂದು ಹುಟ್ಟುತ್ತದೆ, ಸ್ವಲ್ಪ ದೂರ ಗುರುತಿಲ್ಲದೆ ಬರುತ್ತದೆ, ಗಾಳಿಯಲ್ಲಿ ಒಡೆಯುತ್ತದೆ. ಆಯುಸ್ಸು ಒಂದು ನ್ಯಾನೊಸೆಕೆಂಡಿನ ಸುಮಾರು. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವುದು ಒಂದು ಅಡಿ.

ಅಮೆರಿಕದ ಫರ್ಮಿಲ್ಯಾಬ್‌ನಲ್ಲಿಯೂ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿಯೂ ವೇಗವರ್ಧಕಗಳ ನ್ಯೂಟ್ರಿನೊ ಕಿರಣದಲ್ಲಿ ಹುಡುಕಿದರು. ಸಿಗಲಿಲ್ಲ. ಕೋಲಾರದ ಘಟನೆಗಳು ಹೊಸ ಕಣ ಅಂತ ಜಗತ್ತು ಒಪ್ಪಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ, ಅಂದರೆ ಗುರುತಿಲ್ಲದೆ ಸಾಗಿ ದೂರದಲ್ಲಿ ಒಡೆಯುವ ಭಾರದ ಕಣ, ಭಾರದ ನ್ಯೂಟ್ರಿನೊದಂಥದ್ದು, ಇದೆಯೇ ಅನ್ನುವುದು, ಇವತ್ತು ಜಿನೀವಾದ ಆ ಯಂತ್ರದಲ್ಲಿ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ಗಂಗೋತ್ರಿ ವಿದ್ಯಾರ್ಥಿ:

ಸರ್, ಒಂದು ಅನುಮಾನ. ಸರ್ನ್‌ನ ಹಳೆಯ ಎಲ್‌ಇಪಿ ಯಂತ್ರದಲ್ಲಿ ಝಡ್ ಅನ್ನುವ ಭಾರದ ಕಣ ಒಡೆಯುವುದನ್ನು ಅಳೆದು ನ್ಯೂಟ್ರಿನೊ ಮೂರೇ ಬಗೆ ಅಂತ ಸಾಬೀತು ಮಾಡಿದ್ದಾರಲ್ಲ? 2.984, ತಪ್ಪು 0.008 ಅಂತ ನಮ್ಮ ಪುಸ್ತಕದಲ್ಲಿದೆ. ಹಾಗಾದರೆ ನಾಲ್ಕನೆಯದಕ್ಕೆ ಜಾಗ ಎಲ್ಲಿ?

ಹಳೇ ಮೇಷ್ಟ್ರು, ತುಮಕೂರು:

ಒಳ್ಳೆಯ ಪ್ರಶ್ನೆ ಮಗು. ಆ ಅಳತೆ ಎಣಿಸಿದ್ದು ಝಡ್ ಜೊತೆ ನೇರ ನಂಟು ಇರುವ ಹಗುರ ನ್ಯೂಟ್ರಿನೊಗಳನ್ನು ಮಾತ್ರ. ಆ ನಂಟೇ ಇಲ್ಲದ್ದು ಲೆಕ್ಕಕ್ಕೆ ಸಿಗುವುದಿಲ್ಲ.

ಎಲೆಕ್ಟ್ರಾನ್, ಪ್ರೋಟಾನಿನೊಳಗಿನ ಕ್ವಾರ್ಕ್ ಎಲ್ಲಕ್ಕೂ ಎಡಗೈ ರೂಪ, ಬಲಗೈ ರೂಪ ಎರಡೂ ಇವೆ, ಅಂದರೆ ಸಾಗುವ ದಿಕ್ಕಿಗೆ ಹೋಲಿಸಿದರೆ ಎಡಕ್ಕೆ ಸುತ್ತುವುದು, ಬಲಕ್ಕೆ ಸುತ್ತುವುದು. ನ್ಯೂಟ್ರಿನೊಗೆ ಎಡಗೈ ಮಾತ್ರ. 1958ರಲ್ಲಿ ಗೋಲ್ಡ್‌ಹೇಬರ್ ಮತ್ತು ಸಂಗಡಿಗರು ಬ್ರೂಕ್‌ಹೇವನ್‌ನಲ್ಲಿ ಅದನ್ನು ಬಹಳ ಅಚ್ಚುಕಟ್ಟಾದ ಪ್ರಯೋಗದಲ್ಲಿ ತೋರಿಸಿದರು. ದ್ರವ್ಯರಾಶಿ ಇಲ್ಲದಿದ್ದರೆ ಇದು ಸರಿಹೋಗುತ್ತಿತ್ತು. ಆದರೆ 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ನ್ಯೂಟ್ರಿನೊಗಳು ಬಗೆ ಬದಲಿಸುವುದನ್ನು ತೋರಿಸಿತು, ಅಂದರೆ ದ್ರವ್ಯರಾಶಿ ಇದೆ. ಎಷ್ಟು? ಜರ್ಮನಿಯ ಕಟ್ರಿನ್ ಪ್ರಯೋಗದ ಪ್ರಕಾರ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ಭಾರಕ್ಕೆ ಬಳಸುವ ಪುಟ್ಟ ಅಳತೆ) ಕಡಿಮೆ. ಎಲೆಕ್ಟ್ರಾನಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಹಗುರ. ಇಷ್ಟು ಹಗುರ ಯಾಕೆ?

1977ರಿಂದ 1980ರ ಒಳಗೆ ಮಿಂಕೋವ್‌ಸ್ಕಿ, ಯಾನಾಗಿಡಾ, ಗೆಲ್‌ಮನ್ ಮತ್ತು ಜೊತೆಗಾರರು, ನಮ್ಮ ಒಡಿಶಾದಲ್ಲಿ ಹುಟ್ಟಿದ ರವೀಂದ್ರನಾಥ ಮೊಹಾಪಾತ್ರ ಮತ್ತು ಸೆಂಜಾನೋವಿಚ್, ಹೀಗೆ ಹಲವರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಬಲಗೈ ನ್ಯೂಟ್ರಿನೊ ಇದೆ, ಆದರೆ ಬಹಳ ಭಾರ. ಅದು ಭಾರವಾದಷ್ಟೂ ನಮ್ಮ ನ್ಯೂಟ್ರಿನೊ ಹಗುರ. ಇದಕ್ಕೆ ಸೀಸಾ ಅನ್ನುತ್ತಾರೆ. ನಾನು ತರಗತಿಯಲ್ಲಿ ಏತ ಅನ್ನುತ್ತಿದ್ದೆ. ಬಾವಿಯ ಏತದ ಒಂದು ತುದಿಗೆ ಕಲ್ಲು ಕಟ್ಟಿದರೆ ಇನ್ನೊಂದು ತುದಿ ಮೇಲೇಳುತ್ತದಲ್ಲ, ಹಾಗೆ.

ಜಾಡುಗಾತಿ:

ಮೇಷ್ಟ್ರೇ, ಏತ ಅನ್ನೋ ಪದ ನನಗೆ ಬೇಕು, ನಾನೂ ಬಳಸ್ತೀನಿ. ನನ್ನೂರು ಸಾಗರ. ಕೆಲವು ವರ್ಷಗಳಿಂದ ಜಿನೀವಾದ ಆ ದೊಡ್ಡ ಯಂತ್ರದ, ಅಂದರೆ ಎಲ್‌ಎಚ್‌ಸಿಯ, ದತ್ತಾಂಶದಲ್ಲಿ ಇದೇ ಕಣದ ಬೆನ್ನು ಹತ್ತಿದ್ದೇನೆ. ಊರ್ಗಾಂ ಅಣ್ಣಾ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡ್ತೀನಿ, ಕ್ಷಮಿಸಿ.

ನಾವು ಈ ಕಣವನ್ನು ಎನ್ ಅಂತ ಕರೀತೀವಿ. ಅದಕ್ಕೆ ವಿದ್ಯುದಂಶ ಇಲ್ಲ. ಆದ್ದರಿಂದ ಡಿಟೆಕ್ಟರ್‌ನಲ್ಲಿ ಗೆರೆ ಬೀಳೋದಿಲ್ಲ. ಜಗತ್ತಿನ ಜೊತೆ ಅದರ ನಂಟು ಒಂದೇ, ನಮ್ಮ ಮಾಮೂಲಿ ನ್ಯೂಟ್ರಿನೊ ಜೊತೆ ಇರುವ ಅತಿ ಸಣ್ಣ ಬೆರಕೆ. ಮಾಮೂಲಿ ನ್ಯೂಟ್ರಿನೊ ಹುಟ್ಟುವ ಕಡೆಯೆಲ್ಲ, ಬಹಳ ಅಪರೂಪಕ್ಕೆ, ಅದರ ಬದಲು ಎನ್ ಹುಟ್ಟಬಹುದು.

ಎಲ್‌ಎಚ್‌ಸಿಯಲ್ಲಿ ನ್ಯೂಟ್ರಿನೊಗಳ ಒಂದು ದೊಡ್ಡ ಮೂಲ ಡಬ್ಲ್ಯೂ ಅನ್ನೋ ಭಾರದ ಕಣ. 2015ರಿಂದ 2018ರವರೆಗಿನ ಎರಡನೇ ಸುತ್ತಿನಲ್ಲಿ, ಒಂದೊಂದು ದೊಡ್ಡ ಡಿಟೆಕ್ಟರ್‌ನ ನಡುಮಧ್ಯದಲ್ಲಿ ಡಬ್ಲ್ಯೂ ಒಡೆದು ಮ್ಯೂಆನ್ (ಎಲೆಕ್ಟ್ರಾನಿನ ಥರದ್ದೇ, ಆದರೆ ಭಾರದ ಕಣ) ಮತ್ತು ನ್ಯೂಟ್ರಿನೊ ಆದದ್ದು ಸುಮಾರು 300 ಕೋಟಿ ಸಲ. ಅಷ್ಟರಲ್ಲಿ ಕೆಲವಾದರೂ ಎನ್ ಇದ್ದರೆ ಚಿತ್ರ ಹೀಗಿರುತ್ತೆ: ಡಿಕ್ಕಿಯ ಜಾಗದಿಂದ ನೇರವಾಗಿ ಒಂದು ಮ್ಯೂಆನ್. ಅದು ನಮ್ಮ ಗಂಟೆ. ಸೆಕೆಂಡಿಗೆ 4 ಕೋಟಿ ಸಲ ಪ್ರೋಟಾನ್ ಗೊಂಚಲುಗಳು ಎದುರಾಗುವಾಗ ಸುಮಾರು ಒಂದು ಸಾವಿರವನ್ನು ಮಾತ್ರ ಉಳಿಸಿಕೊಳ್ಳೋಕೆ ಆಗುತ್ತೆ, ಆ ಮ್ಯೂಆನ್ ಗಂಟೆ ಬಾರಿಸದಿದ್ದರೆ ಇಡೀ ಘಟನೆ ಕೈತಪ್ಪಿ ಹೋಗುತ್ತೆ. ಆಮೇಲೆ ಏನೂ ಇಲ್ಲದ ಒಂದಷ್ಟು ಜಾಗ. ಆಮೇಲೆ, ಕೆಲವು ಮಿಲಿಮೀಟರ್‌ನಿಂದ ಒಂದು ಮೀಟರ್‌ವರೆಗೆ ಎಲ್ಲಾದರೂ, ಖಾಲಿ ಜಾಗದಿಂದ ಎರಡು ಗೆರೆ ಇಂಗ್ಲಿಷ್ ವಿ ಅಕ್ಷರದ ಹಾಗೆ ಕವಲೊಡೆಯುತ್ತೆ.

ಕೋಲಾರದ ಆ ಹಳೆಯ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ನಾನು ದಿನಾ ಕಂಪ್ಯೂಟರ್ ಪರದೆಯ ಮೇಲೆ ಹುಡುಕೋ ಆಕಾರ ಅದು.

ಎಷ್ಟು ದೂರ ಸಾಗುತ್ತೆ ಅನ್ನೋದು ಎರಡರ ಮೇಲೆ ನಿಂತಿದೆ, ಬೆರಕೆ ಎಷ್ಟು, ಭಾರ ಎಷ್ಟು. ಭಾರದ ಪರಿಣಾಮ ಐದನೇ ಘಾತದ್ದು. ಭಾರ ಅರ್ಧ ಮಾಡಿದರೆ ಆಯುಸ್ಸು 32 ಪಟ್ಟು. ಪ್ರೋಟಾನಿನ ಹತ್ತರಷ್ಟು ಭಾರ, ಅಂದರೆ ಸುಮಾರು 10 ಜಿಇವಿ (ಒಂದು ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್), ಬೆರಕೆ ಹತ್ತು ಲಕ್ಷಕ್ಕೆ ಒಂದು ಅಂತ ಇಟ್ಟುಕೊಂಡರೆ ಆಯುಸ್ಸಿನ ದೂರ ಕೆಲವು ಮಿಲಿಮೀಟರ್. ವೇಗದ ಕಾರಣ ಅದು ಇನ್ನೂ ನಾಲ್ಕೈದು ಪಟ್ಟು ಹಿಗ್ಗುತ್ತೆ. ಸಿಲಿಕಾನ್ ಪದರಗಳಿಗೆ ಹೇಳಿ ಮಾಡಿಸಿದ ದೂರ.

ಊರ್ಗಾಂ ಹುಡುಗ:

ಮೇಡಂ, ಅರ್ಥ ಆಯಿತು. ಆದರೆ ಖಾಲಿ ಜಾಗ ಅಂತ ಹೇಗೆ ಗೊತ್ತು? ಅಲ್ಲಿ ಪೈಪು, ಕೇಬಲ್ಲು, ಬ್ರ್ಯಾಕೆಟ್ಟು ಇರಲೇಬೇಕಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಡ್ರಾಯಿಂಗ್‌ನಲ್ಲಿ ಇರೋದು ಒಂದು, ಸ್ಥಳದಲ್ಲಿ ಇರೋದು ಇನ್ನೊಂದು.

ಜಾಡುಗಾತಿ:

ಅಣ್ಣಾ, ಇದನ್ನ ನಮ್ಮಲ್ಲಿ ಹೊಸಬರಿಗೆ ತಿಳಿಸೋಕೆ ಆರು ತಿಂಗಳು ಹಿಡಿಯುತ್ತೆ!

ಡಿಟೆಕ್ಟರ್ ಒಳಗೆ ಡಿಕ್ಕಿಯ ಸುತ್ತ ಬೆರಿಲಿಯಂ ಕೊಳವೆ, ಅದರ ಸುತ್ತ ಸಿಲಿಕಾನ್ ಪದರ, ತಂಪು ಮಾಡುವ ಕೊಳವೆ, ಕೇಬಲ್ಲು, ಆಸರೆ ಎಲ್ಲ ಇದೆ. ಮಾಮೂಲಿ ಕಣ ಹೋಗಿ ಅವಕ್ಕೆ ಗುದ್ದಿದರೂ ಅಲ್ಲಿಂದ ಎರಡು ಮೂರು ಗೆರೆ ಹೊರಡುತ್ತೆ. ನೋಡೋಕೆ ಎನ್ ಥರಾನೇ. ಅದಕ್ಕೆ ನಾವು ಡ್ರಾಯಿಂಗ್ ನಂಬೋದಿಲ್ಲ. ಆ ಗುದ್ದಾಟಗಳನ್ನೇ ಲಕ್ಷಾಂತರ ಸೇರಿಸಿ, ಎಲ್ಲೆಲ್ಲಿ ಗುದ್ದಿದವು ಅಂತ ಚುಕ್ಕಿ ಇಟ್ಟುಕೊಂಡು ಹೋಗ್ತೀವಿ. ಚುಕ್ಕಿಗಳಿಂದ ಡಿಟೆಕ್ಟರ್‌ನ ನಿಜವಾದ ನಕ್ಷೆ ತಾನಾಗಿ ಮೂಡುತ್ತೆ. ಮೊದಲ ಸಲ ಆ ನಕ್ಷೆ ಬಿಡಿಸಿದಾಗ ಕೊಳವೆಯ ಉಂಗುರ ಡಿಕ್ಕಿಯ ಜಾಗದ ಸುತ್ತ ನೆಟ್ಟಗೆ ಇಲ್ಲದೆ ಒಂಚೂರು ಸರಿದು ಕೂತಿದ್ದು ಕಣ್ಣಿಗೆ ಕಾಣಿಸ್ತಿತ್ತು. ವಸ್ತು ಇರುವ ಜಾಗದಲ್ಲಿ ಹುಟ್ಟಿದ ಕವಲುಗಳನ್ನು ಬಿಟ್ಟುಬಿಡ್ತೀವಿ. ಉಳಿದ ಖಾಲಿ ಜಾಗದಲ್ಲಿ ಮಾತ್ರ ಹುಡುಕಾಟ.

ಇನ್ನೂ ಕಳ್ಳದಾರಿಗಳಿವೆ. ಬಾಟಮ್ ಕ್ವಾರ್ಕ್ ಇರುವ ಕಣಗಳು ಸ್ವಲ್ಪ ದೂರ ಹೋಗಿ ಒಡೆಯುತ್ತವೆ. ಮೇಲಿಂದ ಬರುವ ಕಾಸ್ಮಿಕ್ ಮ್ಯೂಆನ್ ಡಿಟೆಕ್ಟರ್ ಅನ್ನು ಸೀಳಿಕೊಂಡು ಹೋದರೆ ಎರಡು ಗೆರೆ ಬೆನ್ನಿಗೆ ಬೆನ್ನು ಹಾಕಿ ಹೊರಟ ಹಾಗೆ ಕಾಣುತ್ತೆ. ನಮ್ಮ ಸುರಂಗ ನೂರು ಮೀಟರ್ ಆಳ ಅಷ್ಟೇ, ನಿಮ್ಮ ತಂದೆಯವರ ಗಣಿಯ ಹಾಗೆ ಎರಡು ಕಿಲೋಮೀಟರ್ ಬಂಡೆಯ ಕೊಡೆ ನಮಗಿಲ್ಲ.

ಲೆಕ್ಕ ಕೇಳುವವ:

ನಾನು ಇಂಜಿನಿಯರ್, ಕಣಭೌತಶಾಸ್ತ್ರ ಹವ್ಯಾಸ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸೀಸಾ ಲೆಕ್ಕದಲ್ಲಿ ಬಲಗೈ ನ್ಯೂಟ್ರಿನೊ ಭಾರ ಒಂದರ ಮುಂದೆ ಹದಿನಾಲ್ಕು ಸೊನ್ನೆ ಜಿಇವಿ. ಎಲ್‌ಎಚ್‌ಸಿ ಶಕ್ತಿ 13,600 ಜಿಇವಿ. ಹತ್ತು ಜಿಇವಿಯಲ್ಲಿ ಹುಡುಕುವುದಕ್ಕೆ ಆಧಾರ ಏನು? ದೀಪ ಇರುವ ಕಡೆ ಮಾತ್ರ ಹುಡುಕುತ್ತಿದ್ದೀರಾ? ಮತ್ತು ಬೆರಕೆಯನ್ನು ಸರಳ ಸೀಸಾದಿಂದ ಲೆಕ್ಕ ಹಾಕಿದರೆ ಎಷ್ಟು ಘಟನೆ ಸಿಗಬೇಕು?

ಜಾಡುಗಾತಿ:

ಬೇಸರ ಯಾಕೆ ಸರ್, ನನ್ನ ಪಿಎಚ್‌ಡಿ ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ದರು.

ಎರಡನೆಯದಕ್ಕೆ ಮೊದಲು ಉತ್ತರ, ಮುಚ್ಚಿಡದೆ. ಸರಳ ಸೀಸಾದಲ್ಲಿ ಬೆರಕೆ ಅಂದರೆ ಹಗುರ ನ್ಯೂಟ್ರಿನೊ ಭಾರ ಭಾಗಿಸು ಎನ್ ಭಾರ. 0.05 ಎಲೆಕ್ಟ್ರಾನ್ ವೋಲ್ಟ್ ಭಾಗಿಸು 10 ಜಿಇವಿ. ಲಕ್ಷ ಕೋಟಿಗೆ 5. ನಮ್ಮ 300 ಕೋಟಿ ಡಬ್ಲ್ಯೂಗಳಿಂದ ಗುಣಿಸಿದರೆ 0.015 ಎನ್. ಒಂದೂ ಇಲ್ಲ. ಹುಟ್ಟಿದರೂ ಅದು ಕಿಲೋಮೀಟರ್‌ಗಟ್ಟಲೆ ಹೋಗಿ ಒಡೆಯುತ್ತೆ, ನಮ್ಮ ಕೈಗೆ ಸಿಗೋದಿಲ್ಲ. ಹಾಗಾಗಿ ಸರಳ ಸೀಸಾ ಹೇಳುವ ಬೆರಕೆಯ ಗೆರೆಯನ್ನು ಎಲ್‌ಎಚ್‌ಸಿ ಮುಟ್ಟಿಲ್ಲ, ಮುಟ್ಟೋದೂ ಇಲ್ಲ.

ಹಾಗಾದರೆ ಯಾಕೆ ಹುಡುಕ್ತೀವಿ? ಆ ದೊಡ್ಡ ಭಾರ ಪ್ರಕೃತಿ ಕೊಟ್ಟದ್ದಲ್ಲ, ನಾವು ಇಟ್ಟ ಊಹೆ. ಎಲೆಕ್ಟ್ರಾನಿಗೂ ಟಾಪ್ ಕ್ವಾರ್ಕಿಗೂ ನಡುವೆ ಭಾರದಲ್ಲಿ ಮೂರು ಲಕ್ಷ ಪಟ್ಟು ವ್ಯತ್ಯಾಸ ಇರುವಾಗ, ಕಣಗಳಿಗೆ ಭಾರ ಕೊಡುವ ಹಿಗ್ಸ್ ಜೊತೆ ನ್ಯೂಟ್ರಿನೊ ಟಾಪ್ ಕ್ವಾರ್ಕಿನಷ್ಟೇ ಗಟ್ಟಿಯಾಗಿ ಬೆಸೆದುಕೊಂಡಿರಬೇಕು ಅಂತ ಎಲ್ಲಿದೆ? ಎರಡು ಬಲಗೈ ನ್ಯೂಟ್ರಿನೊಗಳು ಹೆಚ್ಚು ಕಡಿಮೆ ಒಂದೇ ಭಾರದವಾಗಿದ್ದರೆ ಅವುಗಳ ಪರಿಣಾಮ ಒಂದನ್ನೊಂದು ಹೊಡೆದುಹಾಕಿ, ಬೆರಕೆ ದೊಡ್ಡದಿದ್ದರೂ ನಮ್ಮ ನ್ಯೂಟ್ರಿನೊ ಹಗುರವಾಗಿಯೇ ಉಳಿಯಬಹುದು. 2005ರಲ್ಲಿ ಅಸಾಕಾ, ಬ್ಲಾಂಶೆ, ಶಪೋಶ್ನಿಕೋವ್ ತೋರಿಸಿದ ಮಾದರಿಯಲ್ಲಿ ಮೂರೂ ಬಲಗೈ ನ್ಯೂಟ್ರಿನೊಗಳು ನಮ್ಮ ಕೈಗೆಟುಕುವ ಭಾರದವು. ಒಂದು ಬಹಳ ಹಗುರವಾಗಿದ್ದು ಕಪ್ಪು ದ್ರವ್ಯ ಆಗುತ್ತೆ, ಉಳಿದೆರಡು ವಿಶ್ವದಲ್ಲಿ ದ್ರವ್ಯ ಉಳಿದು ಪ್ರತಿದ್ರವ್ಯ ಅಳಿದದ್ದಕ್ಕೆ ಕಾರಣ ಆಗುತ್ತವೆ. ಮೂರು ಕಣ, ಮೂರು ದೊಡ್ಡ ಒಗಟು. ಇಂಥದ್ದನ್ನ ನೋಡದೆ ಬಿಡೋಕೆ ನನಗೆ ಮನಸ್ಸು ಬರೋದಿಲ್ಲ.

1997ರಲ್ಲಿ ಎಲ್‌ಇಪಿಯ ಡೆಲ್ಫಿ ಪ್ರಯೋಗ ಬೆರಕೆ ಲಕ್ಷಕ್ಕೆ ಸುಮಾರು 2ಕ್ಕಿಂತ ಕಡಿಮೆ ಅಂತ ಹೇಳಿತ್ತು. ಆ ಗಡಿ ಇಪ್ಪತ್ತು ವರ್ಷ ಅಲುಗಾಡಲಿಲ್ಲ. ಈಗ ಎಲ್‌ಎಚ್‌ಸಿಯ ದೊಡ್ಡ ಡಿಟೆಕ್ಟರ್‌ಗಳಾದ ಅಟ್ಲಾಸ್, ಸಿಎಂಎಸ್ ಎರಡೂ 10 ಜಿಇವಿ ಆಸುಪಾಸಿನಲ್ಲಿ ಅದನ್ನ ಹತ್ತು ಲಕ್ಷಕ್ಕೆ ಒಂದರ ಹತ್ತಿರಕ್ಕೆ, ಕೆಲವು ಕಡೆ ಇನ್ನೂ ಕೆಳಕ್ಕೆ ಇಳಿಸಿವೆ. ಹತ್ತು ಲಕ್ಷಕ್ಕೆ ಒಂದಿದ್ದಿದ್ದರೆ ನಮ್ಮ ಡಿಟೆಕ್ಟರ್ ಒಳಗೆ 3,000 ಎನ್ ಹುಟ್ಟಿರಬೇಕಿತ್ತು. ಗಂಟೆ ಬಾರಿಸದ್ದು, ಕಣ್ಣಿಗೆ ಬೀಳದ ದಾರಿಯಲ್ಲಿ ಒಡೆದದ್ದು ಎಲ್ಲ ಕಳೆದರೂ ಕೆಲವು ಉಳಿಯಬೇಕಿತ್ತು. ಉಳಿಯಲಿಲ್ಲ. ಇಲ್ಲ ಅನ್ನೋದನ್ನೂ ಹೀಗೆ ಅಳತೆ ಹಿಡಿದು ಹೇಳ್ತೀವಿ.

ಲೆಕ್ಕ ಕೇಳುವವ:

0.015 ಅಂತ ನೇರವಾಗಿ ಬರೆದಿದ್ದಕ್ಕೆ ಧನ್ಯವಾದ ಮೇಡಂ. ಬೇರೆ ಕಡೆ ಕೇಳಿದಾಗ ಯಾರೂ ಆ ಸಂಖ್ಯೆ ಹೇಳಿರಲಿಲ್ಲ. ಈಗ ಉಳಿದದ್ದನ್ನು ನಂಬಿಕೊಂಡು ಓದಬಹುದು.

ಗಂಗೋತ್ರಿ ವಿದ್ಯಾರ್ಥಿ:

ಮೇಡಂ, ಭಾರ ನೂರಾರು ಜಿಇವಿ ಇದ್ದರೆ? ಆಗ ದೂರ ಸಾಗದೆ ಹುಟ್ಟಿದಲ್ಲೇ ಒಡೆಯುತ್ತಲ್ಲ. ಒಂದೇ ವಿದ್ಯುದಂಶದ ಎರಡು ಲೆಪ್ಟಾನ್ (ಎಲೆಕ್ಟ್ರಾನ್, ಮ್ಯೂಆನ್ ಥರದ ಕಣ) ನೋಡಬೇಕು ಅಂತ ಎಲ್ಲೋ ಓದಿದೆ.

ಹಳೇ ಮೇಷ್ಟ್ರು, ತುಮಕೂರು:

ಇದು ನಾನು ಹೇಳುತ್ತೇನೆ. ಎನ್ ತನಗೆ ತಾನೇ ಪ್ರತಿಕಣ ಆಗಿದ್ದರೆ, 1937ರಲ್ಲಿ ಮಯೊರಾನಾ ಊಹಿಸಿದ ಹಾಗೆ, ಅದು ಒಡೆಯುವಾಗ ಧನ ಲೆಪ್ಟಾನ್ ಕೊಡಲೂಬಹುದು, ಋಣ ಕೊಡಲೂಬಹುದು, ಅರ್ಧಕ್ಕರ್ಧ. ಜೊತೆಯಲ್ಲಿ ಹುಟ್ಟಿದ ಲೆಪ್ಟಾನ್ ಧನವಾಗಿದ್ದರೆ ಅರ್ಧ ಸಲ ಎರಡೂ ಧನ. ಮಾಮೂಲಿ ಪ್ರಕ್ರಿಯೆಗಳಲ್ಲಿ ಇದು ಬಹಳ ಅಪರೂಪ. 1983ರಲ್ಲಿ ಕ್ಯೂಂಗ್ ಮತ್ತು ಸೆಂಜಾನೋವಿಚ್ ಇದನ್ನೇ ಗುರುತಾಗಿ ಹಿಡಿಯಿರಿ ಎಂದು ಬರೆದರು. ಅವರ ಚಿತ್ರದಲ್ಲಿ ಡಬ್ಲ್ಯೂಗೂ ಬಲಗೈಯ ಅಣ್ಣನೊಬ್ಬ ಇದ್ದಾನೆ, ಅವನು ಒಡೆದು ಲೆಪ್ಟಾನ್ ಮತ್ತು ಎನ್ ಆಗುತ್ತಾನೆ.

ಜಾಡುಗಾತಿ:

ಮೇಷ್ಟ್ರು ಹೇಳಿದ ಆ ಅಣ್ಣನ ವಿಷಯದಲ್ಲೇ 2014ರ ಕಥೆ ಇದೆ. ಸಿಎಂಎಸ್‌ನ 8 ಟಿಇವಿ ದತ್ತಾಂಶ (ಒಂದು ಟಿಇವಿ ಅಂದರೆ ಸಾವಿರ ಜಿಇವಿ). ಎರಡು ಎಲೆಕ್ಟ್ರಾನ್, ಎರಡು ಜೆಟ್ (ಒಂದೇ ಕಡೆ ಚಿಮ್ಮುವ ಕಣಗಳ ಗುಂಪು), ಒಟ್ಟು ದ್ರವ್ಯರಾಶಿ 1.8ರಿಂದ 2.2 ಟಿಇವಿ. ಮಾಮೂಲಿ ಪ್ರಕ್ರಿಯೆಗಳಿಂದ 4 ಘಟನೆ ನಿರೀಕ್ಷೆ. ಕಂಡದ್ದು 14. ನಾಲ್ಕರ ಜಾಗದಲ್ಲಿ ಹದಿನಾಲ್ಕು! ಸಿದ್ಧಾಂತದವರು ಪ್ರಬಂಧದ ಮೇಲೆ ಪ್ರಬಂಧ ಬರೆದರು.

ಆದರೆ ಆ ಹದಿನಾಲ್ಕನ್ನು ಒಂದೊಂದಾಗಿ ನೋಡಿ. ಎನ್ ಮಯೊರಾನಾ ಆಗಿದ್ದರೆ ಅರ್ಧದಷ್ಟು ಜೋಡಿಗಳಲ್ಲಿ ಎರಡೂ ಎಲೆಕ್ಟ್ರಾನ್‌ಗಳ ವಿದ್ಯುದಂಶ ಒಂದೇ ಇರಬೇಕು. ಇದ್ದದ್ದು ಒಂದೇ ಒಂದರಲ್ಲಿ. ಹದಿಮೂರರಲ್ಲಿ ವಿರುದ್ಧ. ಮ್ಯೂಆನ್ ಜೋಡಿಗಳಲ್ಲಿ ಏನೂ ಇರಲಿಲ್ಲ. ಪ್ರಯೋಗದವರು ಅದನ್ನ 2.8 ಸಿಗ್ಮಾ, ಅಂದರೆ ಆಕಸ್ಮಿಕ ಅಲ್ಲ ಅನ್ನೋಕೆ ಸಾಲದ ಮಟ್ಟ, ಅಂತ ಬರೆದು, ಹೊಸ ಕಣ ಅಂತ ಕರೆಯದೆ ಸುಮ್ಮನಾದರು. 13 ಟಿಇವಿ ದತ್ತಾಂಶ ಬಂದಾಗ ಆ ಉಬ್ಬು ಇರಲಿಲ್ಲ. ನಾನು ಈ ಕಥೆ ಹೊಸ ಹುಡುಗರಿಗೆ ಹೇಳೋದು ಆ ಸಂಯಮಕ್ಕಾಗಿ. ಅವರು ಪ್ರಬಂಧದಲ್ಲಿ ವಿದ್ಯುದಂಶದ ಎಣಿಕೆಯನ್ನೂ ಕೊಟ್ಟಿದ್ದರು, ಓದುವವರು ತಾವೇ ತೂಗಿ ನೋಡಲಿ ಅಂತ.

ಊರ್ಗಾಂ ಹುಡುಗ:

ಕೋಲಾರದ್ದೂ ಹಾಗೇ ಏನೋ ಆಗಿರಬಹುದಾ ಮೇಷ್ಟ್ರೇ? ಬರೀ ಎಣಿಕೆಯ ಏರುಪೇರು?

ಹಳೇ ಮೇಷ್ಟ್ರು, ತುಮಕೂರು:

ಇದ್ದೀತು. ಆದರೆ ಒಂದು ಮಾತು ಹೇಳಲೇಬೇಕು. ನಿಯಾನ್ ಫ್ಲ್ಯಾಶ್ ಟ್ಯೂಬ್‌ಗಳ ಸಾಲು, ಸಿಂಟಿಲೇಟರ್, ಕ್ಯಾಮೆರಾ, ಬಂಡೆಯ ಬಿಸಿ. ಇಷ್ಟರಲ್ಲಿ ವರ್ಷಗಟ್ಟಲೆ ಕಾದು ಬೆರಳೆಣಿಕೆಯ ಚಿತ್ರ ಸಿಕ್ಕಾಗ ಅದನ್ನು ಮುಚ್ಚಿಡದೆ ಜಗತ್ತಿನ ಮುಂದಿಟ್ಟರು. ಬೇರೆಯವರು ಪರೀಕ್ಷಿಸುವ ಹಾಗೆ ಭಾರ, ಆಯುಸ್ಸು ಎರಡನ್ನೂ ಬರೆದರು. ನನಗೆ ಆ ತಂಡದ ಮೇಲೆ ಇಂದಿಗೂ ಅಪಾರ ಗೌರವ.

ಲೆಕ್ಕ ಕೇಳುವವ:

ನಮ್ಮವರು ಈಗಿನ ಹುಡುಕಾಟದಲ್ಲಿ ಇದ್ದಾರಾ?

ಜಾಡುಗಾತಿ:

ಬಹಳ ಜನ ಇದ್ದಾರೆ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ದೇಶ. ಸಿಎಂಎಸ್‌ನ ಹೊರಗಿನ ಹ್ಯಾಡ್ರಾನ್ ಕ್ಯಾಲರಿಮೀಟರ್ (ಕಣಗಳ ಶಕ್ತಿ ಅಳೆಯುವ ಭಾಗ) ಟಿಐಎಫ್‌ಆರ್‌ನವರ ಕೆಲಸ, ಅಂದರೆ ಕೆಜಿಎಫ್ ಸುರಂಗಕ್ಕೆ ಇಳಿದ ಅದೇ ಸಂಸ್ಥೆ. ಪ್ರೀಶವರ್ ಭಾಗದ ಸಿಲಿಕಾನ್ ಸೆನ್ಸರ್‌ಗಳಲ್ಲಿ ಒಂದು ಪಾಲು ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದದ್ದು.

ಮುಂದಿನ ದಾರಿ ಬಗ್ಗೆ ಚಿಕ್ಕದಾಗಿ: 2024ರಲ್ಲಿ ಸರ್ನ್ ಶಿಪ್ ಅನ್ನೋ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿದೆ. 400 ಜಿಇವಿ ಪ್ರೋಟಾನ್ ಕಿರಣವನ್ನು ದಪ್ಪ ಗುರಿಗೆ ಬಡಿದು, ಹಿಂದೆ ಹತ್ತಾರು ಮೀಟರ್ ಉದ್ದದ ಖಾಲಿ ಕೋಣೆ ಇಟ್ಟು, ಅಲ್ಲಿ ಯಾವುದಾದರೂ ಕವಲೊಡೆಯುತ್ತಾ ಅಂತ ಕಾಯೋದು. ಗುರಿಯೇ ಬಂಡೆ, ಕೋಣೆಯೇ ಸುರಂಗ. ಕೆಲವು ಜಿಇವಿ ಭಾರದವರೆಗೆ ಅದು ನಮಗಿಂತ ಎಷ್ಟೋ ಆಳಕ್ಕೆ ಹೋಗುತ್ತೆ. ಅದಕ್ಕಿಂತ ಭಾರದ್ದಕ್ಕೆ, ಮುಂದೆ ಕಟ್ಟಬೇಕು ಅಂತಿರುವ 91 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಲಕ್ಷಾಂತರ ಕೋಟಿ ಝಡ್ ಕಣಗಳು ಸಿಕ್ಕರೆ, ಆ ಸರಳ ಸೀಸಾದ ಗೆರೆಯ ಹತ್ತಿರ ಹೋಗಬಹುದು. ಅಷ್ಟರಲ್ಲಿ ನಾನು ನಿವೃತ್ತಿಯ ಅಂಚಿನಲ್ಲಿರ್ತೀನಿ.

ಗಂಗೋತ್ರಿ ವಿದ್ಯಾರ್ಥಿ:

ನಾನು ಈಗಲೇ ಏನಾದರೂ ಮಾಡಬಹುದಾ ಮೇಡಂ? ಲ್ಯಾಪ್‌ಟಾಪ್ ಇದೆ, ಹಾಸ್ಟೆಲ್ ವೈಫೈ ಇದೆ.

ಜಾಡುಗಾತಿ:

ಖಂಡಿತ. ಸಿಎಂಎಸ್ 2016ರ 13 ಟಿಇವಿ ದತ್ತಾಂಶವನ್ನ ಎಲ್ಲರಿಗೂ ತೆರೆದಿಟ್ಟಿದೆ. ಒಂದೇ ಒಂದು ಕಡತ ಇಳಿಸಿಕೊಳ್ಳಿ, ಸಾಕು. ವಿರುದ್ಧ ವಿದ್ಯುದಂಶದ ಎರಡು ಮ್ಯೂಆನ್ ಇರುವ ಘಟನೆ ಆರಿಸಿ, ಜೋಡಿಯ ದ್ರವ್ಯರಾಶಿ ಲೆಕ್ಕ ಹಾಕಿ ಚಿತ್ರ ಬಿಡಿಸಿ. 3.1 ಜಿಇವಿಯಲ್ಲಿ ಏನು ಕಾಣುತ್ತೆ ಹೇಳಿ.

ಗಂಗೋತ್ರಿ ವಿದ್ಯಾರ್ಥಿ:

ಮೇಡಂ ಬಂತು! ಮೂರು ರಾತ್ರಿ ಹಿಡಿಯಿತು. ಕಂಬದ ಹಾಗೆ ನೆಟ್ಟಗೆ ನಿಂತಿದೆ. ಜೆ ಸೈ ಕಣ ಅಲ್ವಾ? 1974ರ ನವೆಂಬರ್‌ನಲ್ಲಿ ಸಿಕ್ಕಿದ್ದು!

ಜಾಡುಗಾತಿ:

ಅದೇ. ಕೋಲಾರದ ಪ್ರಬಂಧಕ್ಕೆ ಕೆಲವೇ ತಿಂಗಳ ಮೊದಲು. ಈಗ ಎರಡನೇ ಹೆಜ್ಜೆ. ಕಂಬದೊಳಗಿನ ಜೋಡಿಗಳಲ್ಲಿ, ಮ್ಯೂಆನ್ ಜಾಡು ಡಿಕ್ಕಿಯ ಬಿಂದುವಿನಿಂದ ಸ್ವಲ್ಪ ದೂರದಲ್ಲಿ ಹಾಯ್ದುಹೋಗಿರುವುದನ್ನ ಮಾತ್ರ ಉಳಿಸಿ. ಆಗಲೂ ಕಂಬ ಇರುತ್ತೆ, ಸಣ್ಣದಾಗಿ. ಅವು ಬಾಟಮ್ ಕ್ವಾರ್ಕ್ ಇರುವ ಕಣಗಳು ಒಂದೆರಡು ಮಿಲಿಮೀಟರ್ ಸಾಗಿ ಒಡೆದಾಗ ಹುಟ್ಟಿದವು. ನಾವು ಎನ್ ಹುಡುಕುವಾಗ ಈ 3.1ರ ಜಾಗವನ್ನೇ ಕತ್ತರಿಸಿ ಹಾಕ್ತೀವಿ. ಕತ್ತರಿಸಿದ ಮೇಲೆ ಉಳಿದದ್ದರಲ್ಲಿ, ಡಿಕ್ಕಿಯಿಂದ ದೂರ ದೂರ ಹೋದ ಹಾಗೆ ಎಷ್ಟು ಜೋಡಿ ಸಿಗುತ್ತೆ ಎಣಿಸಿ ನೋಡಿ. ಒಂದು ಘಟನೆಯ ಚಿತ್ರವನ್ನೂ ಇಲ್ಲಿ ಹಾಕಿ, ಅಣ್ಣ ನೋಡಲಿ.

ಊರ್ಗಾಂ ಹುಡುಗ:

ತಮ್ಮಾ, ನೀನು ಹಾಕಿದ ಚಿತ್ರವನ್ನ ಭಾನುವಾರ ಅಪ್ಪನಿಗೆ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಎರಡು ಗೆರೆಗಳ ಮೇಲೂ ಬೆರಳಿಟ್ಟು ಹಿಂದಕ್ಕೆ ಎಳೆದುಕೊಂಡು ಹೋಗಿ, ಅವು ಕೂಡುವ ಕಡೆ ನಿಲ್ಲಿಸಿ ಕೇಳಿದರು, "ಇಲ್ಲಿ ಬಂಡೆ ಇದೆಯಾ, ಗಾಳಿಯಾ?"